ವೇಗದ ಕಾರನ್ನು ಸಾಕುವ ಖರ್ಚು

ಆನೆಯನ್ನು ಕೊಳ್ಳುವುದು ಒಂದು ದಿನದ ಖರ್ಚು. ಅದನ್ನು ಸಾಕುವುದು ನಿತ್ಯದ ಖರ್ಚು. ಆನೆಗೆ ವಯಸ್ಸಾದಂತೆ ಅದರ ಬೆಲೆ ಇಳಿಯಬಹುದು. ಆದರೆ ಅದು ತಿನ್ನುವ ಸೊಪ್ಪಿನ ಹೊರೆ ಇಳಿಯುವುದಿಲ್ಲ. ಅತಿವೇಗದ ಸ್ಪೋರ್ಟ್ಸ್ ಕಾರುಗಳಿಗೂ ಈ ಮಾತು ಚೆನ್ನಾಗಿ ಅನ್ವಯಿಸುವುದು.

ಇಟಲಿಯ ಫೆರಾರಿ ಸಂಸ್ಥೆಯು 1994ರಿಂದ 1999ರವರೆಗೆ ಎಫ್355 ಎಂಬ ಕಾರನ್ನು ತಯಾರಿಸಿತು. ಹೊಸದಾಗಿದ್ದಾಗ ಅಮೆರಿಕದಲ್ಲಿ ಅದರ ಬೆಲೆ ಒಂದು ಲಕ್ಷ ಡಾಲರುಗಳನ್ನು ಮೀರಿತ್ತು. ವರ್ಷಗಳು ಉರುಳಿದ ಮೇಲೆ ಅವೇ ಕಾರುಗಳು ಬಳಸಿದ ಗಾಡಿಗಳ ಪೇಟೆಯಲ್ಲಿ ಅದರ ಅರ್ಧದಷ್ಟು ಬೆಲೆಗೆ ದೊರೆಯತೊಡಗಿದುವು. ಅಗ್ಗವಾಯಿತೆಂದು ಹಿಗ್ಗಿ ಕೊಂಡವರಿಗೆ ಸ್ವಲ್ಪ ದಿನದಲ್ಲೇ ಒಂದು ಸಂಗತಿ ತಿಳಿದುಬಂದಿತು. ಈ ಕಾರಿನಲ್ಲಿ ರಬ್ಬರಿನ ಒಂದು ಪಟ್ಟಿಯನ್ನು ಬದಲಾಯಿಸಬೇಕಾದರೆ ಇಡೀ ಎಂಜಿನ್ನನ್ನೇ ಹೊರಕ್ಕೆ ತೆಗೆಯಬೇಕು! ಆ ಒಂದು ಕೆಲಸಕ್ಕೆ ಹಲವು ಸಾವಿರ ಡಾಲರುಗಳು. ಅದೂ ಒಮ್ಮೆ ಮಾಡಿ ಮುಗಿಯುವ ಕೆಲಸವಲ್ಲ; ಮೂರರಿಂದ ಐದು ವರ್ಷಗಳಿಗೊಮ್ಮೆ ಮಾಡಿಸಲೇಬೇಕು.

ಇಷ್ಟು ಖರ್ಚು ಏತಕ್ಕೆ? ಶ್ರೀಮಂತರ ಗಾಡಿಯೆಂದು ಹೆಚ್ಚು ಹಣ ಕೀಳುವರೆಂಬುದು ಸುಲಭವಾದ ಉತ್ತರ. ಅದರಲ್ಲಿ ಅಲ್ಪಸ್ವಲ್ಪ ಸತ್ಯವಿರಬಹುದು. ಆದರೆ ಖರ್ಚಿನ ಬಹುಭಾಗಕ್ಕೆ ಕಾರಣವನ್ನು ನಾವು ಭೌತವಿಜ್ಞಾನದಲ್ಲಿ ಹುಡುಕಬೇಕು.

ಪಿಸ್ಟನ್ನಿನ ಮೇಲಿನ ಒತ್ತಡ

ಎಫ್355ರ ಎಂಜಿನ್ನಿಗೆ ಎಂಟು ಸಿಲಿಂಡರುಗಳು. ಪ್ರತಿಯೊಂದರ ವ್ಯಾಸ 85 ಮಿಲಿಮೀಟರು. ಅದರೊಳಗೆ ಪಿಸ್ಟನ್ನು ಮೇಲಕ್ಕೂ ಕೆಳಕ್ಕೂ ಸಂಚರಿಸುವ ದೂರ 77 ಮಿಲಿಮೀಟರು. ಈ ಎಂಜಿನ್ನು ನಿಮಿಷಕ್ಕೆ 8,250 ಸುತ್ತು ತಿರುಗಿದಾಗ ತನ್ನ ಪೂರ್ಣ ಸಾಮರ್ಥ್ಯವನ್ನು ತೋರುವುದು. ಅಂದರೆ ಸೆಕೆಂಡಿಗೆ ಸುಮಾರು 137 ಸುತ್ತು. ಒಂದು ಸುತ್ತಿನಲ್ಲಿ ಪಿಸ್ಟನ್ನು ಎರಡು ಬಾರಿ ಪೂರ್ತಿ ನಿಂತು, ದಿಕ್ಕು ಬದಲಿಸಿ, ಮತ್ತೆ ಓಡಬೇಕು. ಹೀಗೆ ಸೆಕೆಂಡಿಗೆ 275 ಬಾರಿ!

ನಿಂತ ವಸ್ತುವನ್ನು ಓಡಿಸಲು, ಓಡುವ ವಸ್ತುವನ್ನು ನಿಲ್ಲಿಸಲು ಬಲ ಬೇಕೆಂಬುದನ್ನು ನ್ಯೂಟನ್ನನ ನಿಯಮಗಳಲ್ಲಿ ವಾಚಕರು ಓದಿರುವರು. ಇಲ್ಲಿ ಆ ಬಲವೆಷ್ಟು? ಲೆಕ್ಕ ಮಾಡಿದರೆ, ತುದಿಗಳಲ್ಲಿ ಪಿಸ್ಟನ್ನಿನ ವೇಗೋತ್ಕರ್ಷವು ಭೂಮಿಯ ಗುರುತ್ವದ ಸುಮಾರು 2,900 ಪಟ್ಟು ಇರುವುದು. ಪಿಸ್ಟನ್ನಿನ ತೂಕ 300 ಗ್ರಾಂ ಎಂದು ಇಟ್ಟುಕೊಂಡರೂ ಅದನ್ನು ಹಿಡಿದೆಳೆಯುವ ದಂಡದ ಮೇಲೆ ಬೀಳುವ ಎಳೆತ ಸುಮಾರು 870 ಕಿಲೋಗ್ರಾಂ ತೂಕಕ್ಕೆ ಸಮ. ಒಂದು ಸಣ್ಣ ಕಾರನ್ನು ಆ ದಂಡಕ್ಕೆ ನೇತುಹಾಕಿದಂತಾಯಿತು.

ಇನ್ನೊಂದು ಮುಖ್ಯ ವಿಷಯವುಂಟು. ಈ ಬಲವು ಸುತ್ತುಗಳ ಸಂಖ್ಯೆಯ ವರ್ಗಕ್ಕೆ ಅನುಗುಣವಾಗಿ ಏರುವುದು. ಇದೇ ಎಂಜಿನ್ನನ್ನು ಸಾಮಾನ್ಯ ಕಾರಿನಂತೆ 2,500 ಸುತ್ತಿನಲ್ಲಿ ಓಡಿಸಿದರೆ ಆಗುವುದಕ್ಕಿಂತ 8,250 ಸುತ್ತಿನಲ್ಲಿ ಹನ್ನೊಂದು ಪಟ್ಟು ಬಲ ಬೀಳುವುದು. ಸುತ್ತು ಮೂರು ಪಟ್ಟಿಗಿಂತ ತುಸು ಹೆಚ್ಚಾದರೆ ಹೊರೆ ಹನ್ನೊಂದು ಪಟ್ಟು! ಆದಕಾರಣವೇ ಫೆರಾರಿಯ ಎಂಜಿನಿಯರುಗಳು ಆ ದಂಡಗಳನ್ನು ಹಗುರವೂ ಬಲಿಷ್ಠವೂ ಆದ ಟೈಟೇನಿಯಮ್ ಲೋಹದಿಂದ ಮಾಡಿದರು. ಅದು ಉಕ್ಕಿಗಿಂತ ಬಹು ದುಬಾರಿ. ಕಡೆದು ರೂಪಿಸುವುದೂ ಕಷ್ಟ.

ಪಟ್ಟಿ ಅಗ್ಗ, ಕೆಲಸ ದುಬಾರಿ

ಸಿಲಿಂಡರಿನೊಳಕ್ಕೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಬರಲು, ಉರಿದ ಅನಿಲ ಹೊರಹೋಗಲು ಕವಾಟಗಳಿರುವುವು. ಎಫ್355ರಲ್ಲಿ ಸಿಲಿಂಡರಿಗೆ ಐದರಂತೆ ಒಟ್ಟು ನಲವತ್ತು ಕವಾಟಗಳು. ಪೂರ್ಣ ವೇಗದಲ್ಲಿ ಪ್ರತಿಯೊಂದು ಕವಾಟವೂ ಸೆಕೆಂಡಿಗೆ ಸುಮಾರು 69 ಬಾರಿ ತೆರೆದು ಮುಚ್ಚಬೇಕು. ಪಿಸ್ಟನ್ನು ಮೇಲಕ್ಕೆ ಬರುವ ಹೊತ್ತಿಗೆ ಕವಾಟವು ದಾರಿ ಬಿಟ್ಟು ಸರಿದಿರಬೇಕು. ಈ ತಾಳವನ್ನು ಕಾಯುವುದೇ ಒಳಗೆ ಗಟ್ಟಿ ಎಳೆಗಳನ್ನು ಹೊಂದಿದ ರಬ್ಬರಿನ ಹಲ್ಲುಪಟ್ಟಿ.

ಈ ಪಟ್ಟಿ ಹರಿದರೆ, ಅಥವಾ ಕೆಲವು ಹಲ್ಲುಗಳು ಜಾರಿದರೆ, ತೆರೆದ ಕವಾಟಕ್ಕೆ ಪಿಸ್ಟನ್ನು ಬಂದು ಬಡಿಯುವುದು. ಕಣ್ಣು ಮಿಟುಕಿಸುವಷ್ಟರಲ್ಲಿ ಎಂಜಿನ್ನು ಹಾಳು. ಆದುದರಿಂದ ಪಟ್ಟಿ ಹರಿಯುವವರೆಗೆ ಕಾಯುವಂತಿಲ್ಲ. ನೋಡಲು ಚೆನ್ನಾಗಿದ್ದರೂ ಅವಧಿ ಮುಗಿದೊಡನೆ ಬದಲಿಸಬೇಕು.

ಪಟ್ಟಿಯ ಬೆಲೆ ಹೆಚ್ಚೇನಲ್ಲ. ಆದರೆ ಅದು ಇರುವ ಜಾಗವನ್ನು ನೋಡಿ. ಕಾರಿನ ತೂಕ ಎರಡು ಅಚ್ಚುಗಳ ನಡುವೆ ಇದ್ದರೆ ತಿರುವುಗಳಲ್ಲಿ ಅದು ಚುರುಕಾಗಿ ಹೊರಳುವುದು. ಈ ಲಾಭಕ್ಕಾಗಿ ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಒತ್ತಿ ಇಟ್ಟಿರುವರು. ಹಲ್ಲುಪಟ್ಟಿ ಇರುವ ಮುಖವು ಆಸನದ ಹಿಂದಿನ ಗೋಡೆಗೆ ತಾಗುವಂತಿದೆ. ಅಲ್ಲಿ ಕೈಯಾಡಲು ಎಡೆಯಿಲ್ಲ. ಆದ್ದರಿಂದ ಮೆಕ್ಯಾನಿಕ್ಕು ಕಾರನ್ನು ಎತ್ತಿ, ಕೊಳವೆಗಳನ್ನೂ ತಂತಿಗಳನ್ನೂ ಬಿಚ್ಚಿ, ಎಂಜಿನ್ನು ಮತ್ತು ಗೇರುಪೆಟ್ಟಿಗೆಯನ್ನು ಒಟ್ಟಾಗಿ ಕೆಳಗಿಳಿಸಬೇಕು. ಪಟ್ಟಿಯನ್ನು ಬದಲಿಸಿ, ಕವಾಟಗಳ ತಾಳವನ್ನು ಅಳೆದು ಸರಿಪಡಿಸಿ, ಎಲ್ಲವನ್ನೂ ಮತ್ತೆ ಜೋಡಿಸಬೇಕು. ನುರಿತ ಕೈಗಳಿಗೂ ಇದು ದಿನಗಟ್ಟಲೆ ಕೆಲಸ. ಯಜಮಾನನು ಕೊಡುವ ಹಣದಲ್ಲಿ ಪಟ್ಟಿಗಿಂತ ಕೈಕೆಲಸಕ್ಕೆ ಸಲ್ಲುವುದೇ ಹೆಚ್ಚು.

ಎಣ್ಣೆ ಮತ್ತು ಬ್ರೇಕು

ಸಾಮಾನ್ಯ ಕಾರಿನ ಎಣ್ಣೆಯು ಎಂಜಿನ್ನಿನ ತಳದ ತಟ್ಟೆಯಲ್ಲಿ ನಿಂತಿರುವುದು. ಸ್ಪೋರ್ಟ್ಸ್ ಕಾರು ತಿರುವಿನಲ್ಲಿ ಗುರುತ್ವದಷ್ಟೇ ಬಲದಿಂದ ಪಕ್ಕಕ್ಕೆ ಎಳೆಯಲ್ಪಟ್ಟರೆ, ತಟ್ಟೆಯಲ್ಲಿನ ಎಣ್ಣೆಯ ಮೇಲ್ಮೈ 45 ಡಿಗ್ರಿ ವಾಲುವುದು. ಎಣ್ಣೆಯೆಲ್ಲ ಒಂದು ಮೂಲೆಗೆ ಸೇರಿ ಪಂಪು ಗಾಳಿಯನ್ನು ಹೀರುವುದು. ಕ್ಷಣಕಾಲ ಎಣ್ಣೆ ತಪ್ಪಿದರೂ ಲೋಹ ಲೋಹಕ್ಕೆ ಉಜ್ಜಿ ಅನಾಹುತವಾಗುವುದು. ಇದನ್ನು ತಪ್ಪಿಸಲು ಎಣ್ಣೆಯನ್ನು ಬೇರೆ ತೊಟ್ಟಿಯಲ್ಲಿ ಇರಿಸಿ ಹೆಚ್ಚಿನ ಪಂಪುಗಳಿಂದ ಹರಿಸುವರು. ಎಣ್ಣೆಯ ಪ್ರಮಾಣ ಹೆಚ್ಚಾಯಿತು, ಭಾಗಗಳು ಹೆಚ್ಚಾದುವು. ಅದರೊಡನೆ ಖರ್ಚೂ ಹೆಚ್ಚಿತು.

ಬ್ರೇಕಿನ ಕಥೆ ಇನ್ನೂ ಸ್ವಾರಸ್ಯವಾದುದು. 1,500 ಕಿಲೋಗ್ರಾಂ ತೂಕದ ಕಾರು ಗಂಟೆಗೆ 100 ಕಿಲೋಮೀಟರು ವೇಗದಲ್ಲಿರುವಾಗ ಅದರ ಚಲನಶಕ್ತಿ ಸುಮಾರು 5.8 ಲಕ್ಷ ಜೂಲ್. ವೇಗ 200 ಕಿಲೋಮೀಟರಾದರೆ ಶಕ್ತಿ ನಾಲ್ಕು ಪಟ್ಟು, ಅಂದರೆ 23 ಲಕ್ಷ ಜೂಲ್. ಕಾರನ್ನು ನಿಲ್ಲಿಸಿದಾಗ ಈ ಶಕ್ತಿಯೆಲ್ಲ ಬ್ರೇಕುಗಳಲ್ಲಿ ಉಷ್ಣವಾಗಿ ಮಾರ್ಪಡುವುದು. ಸುಮಾರು ಏಳು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಉಷ್ಣ ಸಾಕು. ಇಲ್ಲಿ ಅದು ಕೆಲವೇ ಸೆಕೆಂಡುಗಳಲ್ಲಿ ಹುಟ್ಟಬೇಕು!

ಈ ಕಾವನ್ನು ತಾಳಲು ಹಲವು ಕಾರುಗಳಲ್ಲಿ ಬೀಡುಕಬ್ಬಿಣದ ಬದಲು ಇಂಗಾಲದ ಎಳೆಗಳನ್ನು ಸಿಲಿಕಾನ್ ಕಾರ್ಬೈಡಿನಲ್ಲಿ ಹುದುಗಿಸಿ ಮಾಡಿದ ಬಿಲ್ಲೆಗಳನ್ನು ಬಳಸುವರು. ಅವು ಹಗುರ, ಬಾಳಿಕೆಯುಳ್ಳವು. ಆದರೆ ಬದಲಿಸಬೇಕಾಗಿ ಬಂದರೆ ಬಹು ದುಬಾರಿ.

ಬ್ರೇಕಿನ ದ್ರವದ ಗುಣವನ್ನು ಎಲ್ಲ ವಾಹನಗಳ ಒಡೆಯರೂ ತಿಳಿದಿರುವುದು ಒಳ್ಳೆಯದು. ಡಾಟ್ 4 ಎಂಬ ದರ್ಜೆಯ ಹೊಸ ದ್ರವವು 230 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಕುದಿಯಕೂಡದೆಂದು ನಿಯಮವಿದೆ. ಆದರೆ ಅದು ಗಾಳಿಯಲ್ಲಿನ ತೇವವನ್ನು ಮೆಲ್ಲನೆ ಹೀರುವುದು. ನೀರಿನ ಅಂಶ ಶೇಕಡ 3.7ರಷ್ಟಾದಾಗ, ನಿಯಮವು ಖಾತರಿಪಡಿಸುವ ಕುದಿಬಿಂದು 155 ಡಿಗ್ರಿ ಮಾತ್ರ. ಘಟ್ಟದ ಇಳಿಜಾರಿನಲ್ಲಿ ಅಥವಾ ಪಂದ್ಯದ ಹಾದಿಯಲ್ಲಿ ಕಾದ ದ್ರವ ಕುದಿದರೆ ಆವಿಯ ಗುಳ್ಳೆಗಳೇಳುವುವು. ದ್ರವವನ್ನು ಅದುಮಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಆಗ ಚಾಲಕನ ಕಾಲಡಿಯ ಪೆಡಲು ತಳಮುಟ್ಟಿದರೂ ಬ್ರೇಕು ಹಿಡಿಯದು. ಎರಡು ವರ್ಷಗಳಿಗೊಮ್ಮೆ ಈ ದ್ರವವನ್ನು ಬದಲಿಸಬೇಕೆಂಬ ಸಲಹೆ ಇದಕ್ಕಾಗಿಯೇ.

ಟೈರಿನ ವಯಸ್ಸು

ಫ್ರಾನ್ಸಿನಲ್ಲಿ 2005ರಿಂದ ತಯಾರಾದ ಬುಗಾಟಿ ವೇರಾನ್ ಕಾರಿನ ಗರಿಷ್ಠ ವೇಗ ಗಂಟೆಗೆ 407 ಕಿಲೋಮೀಟರು. ಚಕ್ರದ ತ್ರಿಜ್ಯ 35 ಸೆಂಟಿಮೀಟರೆಂದು ಹಿಡಿದು ಲೆಕ್ಕ ಮಾಡಿದರೆ, ಆ ವೇಗದಲ್ಲಿ ಟೈರಿನ ಹೊರಮೈಯಲ್ಲಿರುವ ಹತ್ತು ಗ್ರಾಂ ರಬ್ಬರು ಸುಮಾರು 37 ಕಿಲೋಗ್ರಾಂ ತೂಕದ ಬಲದಿಂದ ಕಿತ್ತುಹೋಗಲು ಹವಣಿಸುವುದು. ಈ ವೇಗದಲ್ಲಿ ಟೈರುಗಳು ಸುಮಾರು ಹದಿನೈದು ನಿಮಿಷ ಬಾಳುವುವೆಂದೂ, ಆದರೆ ಪೆಟ್ರೋಲು ಹನ್ನೆರಡು ನಿಮಿಷಗಳಲ್ಲೇ ಮುಗಿಯುವುದರಿಂದ ಚಿಂತೆಯಿಲ್ಲವೆಂದೂ ಆ ಕಾರಿನ ಬಗ್ಗೆ ವಿನೋದದ ಮಾತು ಪ್ರಚಾರದಲ್ಲಿದೆ.

ವೇಗದಿಂದ ಟೈರು ಸವೆಯುವುದು ಎಲ್ಲರಿಗೂ ತಿಳಿದದ್ದೇ. ಸುಮ್ಮನೆ ನಿಂತಿದ್ದರೂ ಟೈರು ಕೆಡುವುದೆಂಬುದನ್ನು ಮಾತ್ರ ಅನೇಕರು ಮರೆಯುವರು. ಗಾಳಿಯ ಆಮ್ಲಜನಕ ಮತ್ತು ಓಝೋನ್ ರಬ್ಬರಿನೊಡನೆ ಸಂಯೋಗ ಹೊಂದಿ ಅದನ್ನು ಪೆಡಸಾಗಿಸುವುವು. ಇದನ್ನು ತಡೆಯಲು ರಬ್ಬರಿನಲ್ಲಿ ಮೇಣದಂತಹ ರಕ್ಷಕ ಪದಾರ್ಥಗಳನ್ನು ಸೇರಿಸಿರುವರು. ಟೈರು ಉರುಳುತ್ತ ಬಾಗಿ ನೆಟ್ಟಗಾಗುವಾಗ ಅವು ಹೊರಮೈಗೆ ಬಂದು ಲೇಪದಂತೆ ಹರಡುವುವು. ಕಾರು ತಿಂಗಳುಗಟ್ಟಲೆ ನಿಂತಿದ್ದರೆ ಈ ರಕ್ಷಣೆಯೂ ಕುಂದುವುದು. ಪೆಡಸಾದ ರಬ್ಬರು ರಸ್ತೆಯನ್ನು ಹಿಡಿಯದು. ನೋಡುವವರಿಗೆ ಮಾತ್ರ ಅದರ ಅಚ್ಚುಗಳು ಹೊಸದರಂತೆ ಕಾಣುವುವು.

2013ರ ನವೆಂಬರ್ 30ರಂದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಪೋರ್ಷೆ ಕರೇರಾ ಜಿಟಿ ಎಂಬ ಕಾರು ಅಪಘಾತಕ್ಕೀಡಾಯಿತು. ಅದರಲ್ಲಿದ್ದ ಚಲನಚಿತ್ರ ನಟ ಪಾಲ್ ವಾಕರ್ ಹಾಗೂ ಕಾರನ್ನು ನಡೆಸುತ್ತಿದ್ದ ಅವನ ಮಿತ್ರ ಇಬ್ಬರೂ ಮಡಿದರು. ಗಂಟೆಗೆ 45 ಮೈಲಿ ಮಿತಿಯಿದ್ದ ರಸ್ತೆಯಲ್ಲಿ ಕಾರು 80ರಿಂದ 93 ಮೈಲಿ ವೇಗದಲ್ಲಿತ್ತೆಂದೂ, ಅಪಘಾತಕ್ಕೆ ಆ ವೇಗವೇ ಕಾರಣವೆಂದೂ 2014ರಲ್ಲಿ ತನಿಖೆಗಾರರು ತೀರ್ಮಾನಿಸಿದರು. ಯಂತ್ರದಲ್ಲಿ ಯಾವ ದೋಷವೂ ಕಾಣಲಿಲ್ಲ. ಆದರೆ ಟೈರುಗಳಿಗೆ ಒಂಬತ್ತು ವರ್ಷ ಮೀರಿತ್ತೆಂಬುದನ್ನೂ, ಕಾರಿನ ಹಿಡಿತ ಅದರಿಂದ ಕುಂದಿದ್ದಿರಬಹುದೆಂಬುದನ್ನೂ ಅವರು ದಾಖಲಿಸಿದರು. ಸುಮಾರು 600 ಅಶ್ವಶಕ್ತಿಯ ಆ ಕಾರು ರಸ್ತೆಯನ್ನು ಮುಟ್ಟುವುದು ಅಂಗೈಯಗಲದ ನಾಲ್ಕು ರಬ್ಬರು ತುಣುಕುಗಳಿಂದ ಮಾತ್ರ ಎಂಬುದನ್ನು ನೆನೆದರೆ ಆ ಮಾತಿನ ತೂಕ ತಿಳಿಯುವುದು.

ಓಡದಿದ್ದರೂ ಏರುವ ಲೆಕ್ಕ

ಪಟ್ಟಿ, ದ್ರವ, ಟೈರು—ಈ ಮೂರಕ್ಕೂ ಆಯುಷ್ಯವನ್ನು ಗೊತ್ತುಮಾಡುವುದು ಓಡಿದ ದೂರವೊಂದೇ ಅಲ್ಲ, ಕಳೆದ ಕಾಲವೂ ಹೌದು. ಇದರಿಂದ ಲೆಕ್ಕದಲ್ಲಿ ಒಂದು ವಿಚಿತ್ರ ಉಂಟಾಗುವುದು. ಉದಾಹರಣೆಗೆ, ಒಂದು ಕಾರಿನ ಪಾಲನೆಗೆ ವರ್ಷಕ್ಕೆ ಮೂರು ಲಕ್ಷ ರೂಪಾಯಿ ತಗಲುವುದೆಂದು ಭಾವಿಸೋಣ. ಅದು ವರ್ಷಕ್ಕೆ 10,000 ಕಿಲೋಮೀಟರು ಓಡಿದರೆ ಕಿಲೋಮೀಟರಿಗೆ 30 ರೂಪಾಯಿ ಬೀಳುವುದು. ಒಡೆಯನು ಜೋಪಾನ ಮಾಡುವೆನೆಂದು 1,000 ಕಿಲೋಮೀಟರು ಮಾತ್ರ ಓಡಿಸಿದರೆ ಕಿಲೋಮೀಟರಿಗೆ 300 ರೂಪಾಯಿ! ಸ್ಪೋರ್ಟ್ಸ್ ಕಾರುಗಳಲ್ಲಿ ಹೆಚ್ಚಿನವು ಹೀಗೆ ಬಟ್ಟೆ ಹೊದ್ದು ಮನೆಯಲ್ಲಿ ನಿಂತಿರುವಂಥವೇ. ಬೆಲೆ ಇಳಿದ ಕಾರನ್ನು ಕೊಂಡವನಿಗೆ ಪಾಲನೆಯನ್ನು ಮುಂದೂಡುವ ಆಸೆ ಹುಟ್ಟುವುದು ಸಹಜ. ಆದರೆ ಕಾರಿನ ಬೆಲೆ ಪೇಟೆಯ ಮಾತು ಕೇಳುವುದೇ ಹೊರತು ರಬ್ಬರಿನ ಮುಪ್ಪು ಕೇಳುವುದಿಲ್ಲ.

ಎಂಜಿನಿಯರುಗಳೂ ಈ ತೊಂದರೆಯನ್ನು ಗಮನಿಸದೆ ಇರಲಿಲ್ಲ. 1999ರಲ್ಲಿ ಬಂದ ಫೆರಾರಿ 360ರಲ್ಲಿ ಆಸನಗಳ ಹಿಂದೆ ಒಂದು ಮುಚ್ಚಳವನ್ನಿಟ್ಟು, ಎಂಜಿನ್ನನ್ನು ಇಳಿಸದೆಯೇ ಪಟ್ಟಿ ಬದಲಿಸುವ ಅನುಕೂಲ ಮಾಡಿದರು. 2004ರಲ್ಲಿ ಬಂದ ಎಫ್430ರಲ್ಲಿ ರಬ್ಬರಿನ ಪಟ್ಟಿಯನ್ನೇ ಕೈಬಿಟ್ಟು ಉಕ್ಕಿನ ಸರಪಳಿಯನ್ನು ಅಳವಡಿಸಿದರು. 2011ರ ಸುಮಾರಿಗೆ ಫೆರಾರಿಯು ಹೊಸ ಕಾರುಗಳಿಗೆ ಏಳು ವರ್ಷಗಳ ನಿಯತ ಪಾಲನೆಯನ್ನು ಕಾರಿನ ಬೆಲೆಯಲ್ಲಿಯೇ ಸೇರಿಸತೊಡಗಿತು. ಪಾಲನೆಯ ಸುಲಭತೆಯೂ ಯಂತ್ರದ ಒಂದು ಗುಣವೆಂಬುದನ್ನು ಇದು ಒಪ್ಪಿಕೊಂಡಂತಾಯಿತು.

ಇಂತಹ ಕಾರು ನಮ್ಮಲ್ಲಿ ಹೆಚ್ಚಿನವರ ಮನೆಗೆ ಬಾರದಿರಬಹುದು. ಆದರೆ ಅದಕ್ಕೆ ಅನ್ವಯಿಸುವ ನಿಯಮಗಳೇ ಮನೆಯ ಮುಂದೆ ನಿಂತಿರುವ ಸಾಧಾರಣ ಕಾರಿಗೂ ಸ್ಕೂಟರಿಗೂ ಅನ್ವಯಿಸುವುವು. ಅಲ್ಲಿ ಅಂಕಿಗಳು ಚಿಕ್ಕವು, ಅಷ್ಟೆ. ವಾಚಕರು ತಮ್ಮ ಮನೆಯ ವಾಹನದ ಟೈರಿನ ಪಕ್ಕವನ್ನೊಮ್ಮೆ ನೋಡಲಿ. ಅಲ್ಲಿ ನಾಲ್ಕು ಅಂಕಿಗಳ ಒಂದು ಗುರುತಿರುವುದು. ಅದು 2319 ಎಂದಿದ್ದರೆ ಆ ಟೈರು 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾಯಿತೆಂದು ಅರ್ಥ. ಆರು ವರ್ಷ ಕಳೆದ ಟೈರುಗಳನ್ನು ಬದಲಿಸಬೇಕೆಂದು ಹಲವು ವಾಹನ ತಯಾರಕರು ಹೇಳುವರು. ಅಂಕಿಗಳನ್ನು ಓದಿ ಲೆಕ್ಕ ಹಾಕಲು ಒಂದು ನಿಮಿಷ ಸಾಕು. ಅದಕ್ಕೆ ಕಾಸೂ ಖರ್ಚಿಲ್ಲ.