ಹಳೇ ಗಾಡಿಗೆ ದಮ್ಮು ಇದೆಯಾ?

ನಮ್ಮ ಕಲಿಕಾ ಕೇಂದ್ರಕ್ಕೆ ತರಕಾರಿ ಮಾರುವ ಅಕ್ಕ ಒಬ್ಬರು ಬರುತ್ತಾರೆ. ಅವರ ಮನೆಯಲ್ಲಿ ಒಂದು ಹಳೇ ಮೋಟಾರ್ ಸೈಕಲ್ ಇದೆ. 100 ಸಿ.ಸಿ. ಗಾಡಿ. ಸಂಘದಲ್ಲಿ ಸಾಲ ಎತ್ತಿ ತಗೊಂಡದ್ದು. ಬೆಳಿಗ್ಗೆ 5 ಗಂಟೆಗೆ ಗಂಡ ಹೆಂಡತಿ ಇಬ್ಬರೂ ಸೊಪ್ಪಿನ ಮೂಟೆ ಹೇರಿಕೊಂಡು ಸಂತೆಗೆ ಹೊರಡಬೇಕು.

ಒಂದು ಸಲ ಆ ಗಾಡಿ ಹಟ ಹಿಡಿಯಿತು. 20 ಸಲ ಕಿಕ್ ಹೊಡೆದರೂ ಸ್ಟಾರ್ಟ್ ಆಗದು. ಸ್ಟಾರ್ಟ್ ಆದರೂ ಏರು ಹತ್ತದು. ಪ್ಲಗ್ ಬದಲಾಯಿಸಿದರು. ಪೆಟ್ರೋಲ್ ನೋಡಿದರು. ಸರಿಹೋಗಲಿಲ್ಲ. ಗ್ಯಾರೇಜಿನ ಹುಡುಗ ಶಬ್ದ ಕೇಳಿ, "ಬೋರ್ ಹೋಗಿದೆ ಅಕ್ಕಾ. ಇಂಜಿನ್ ಪೂರ್ತಿ ಬಿಚ್ಚಬೇಕು. 10 ಸಾವಿರ ಆಗ್ತದೆ" ಅಂದ.

ಅಕ್ಕನ ಎದೆ ಧಸಕ್ಕೆಂದಿತು. ಮಗಳ ಫೀಸಿಗೆ ಕೂಡಿಟ್ಟ ದುಡ್ಡು ಬಿಟ್ಟರೆ ಕೈಯಲ್ಲಿ ಏನೂ ಇರಲಿಲ್ಲ. ಆದರೂ ಧೈರ್ಯ ಮಾಡಿ ಕೇಳಿದರು:

"ಅಳತೆ ಮಾಡಿ ಹೇಳಿದೆಯೋ ತಮ್ಮಾ, ಅಂದಾಜಿಗೆ ಹೇಳಿದೆಯೋ?"

ಇಂಜಿನ್ನಿಗೆ ಅಳತೆ ಇದೆಯಾ? ಇದೆ. ಅದಕ್ಕೆ ಕಂಪ್ರೆಷನ್ ಪರೀಕ್ಷೆ ಅಂತಾರೆ. ಅದು ಏನು, ಹೇಗೆ ಅಂತ ತಿಳಿಯೋಣ ಬನ್ನಿ.

ಕಂಪ್ರೆಷನ್ ಅಂದರೆ ಏನು?

ಸೈಕಲ್ ಪಂಪಿನ ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ ನೋಡಿ. ಒಳಗಿನ ಗಾಳಿ ಬೆರಳನ್ನು ನೂಕುತ್ತೆ. ಗಾಳಿಯನ್ನು ಹೀಗೆ ಒತ್ತಿ ಹಿಡಿಯುವುದೇ ಕಂಪ್ರೆಷನ್.

ಇಂಜಿನ್ ಒಳಗೂ ಹೀಗೇ ಆಗುತ್ತೆ. ಅಲ್ಲಿ ಒಂದು ಕೊಳವೆ ಇದೆ. ಅದೇ ಸಿಲಿಂಡರ್. ಗ್ಯಾರೇಜಿನವರು ಅದನ್ನೇ ಬೋರ್ ಅಂತಾರೆ. ಅದರೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತೆ. ಪಿಸ್ಟನ್ ಮೇಲೆ ಬಂದಾಗ ಗಾಳಿ ಮತ್ತು ಪೆಟ್ರೋಲ್ ಆವಿಯನ್ನು ಒತ್ತುತ್ತೆ. ಸುಮಾರು 9 ಲೋಟ ಗಾಳಿಯನ್ನು 1 ಲೋಟದ ಜಾಗಕ್ಕೆ ತುರುಕಿದ ಹಾಗೆ. ಆಗ ಪ್ಲಗ್ ಕಿಡಿ ಕೊಡುತ್ತೆ. ಆವಿ ಹೊತ್ತಿಕೊಂಡು ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತೆ. ಗಾಡಿ ಓಡುತ್ತೆ.

ಗಾಳಿ ಸೋರಿದರೆ ಒತ್ತಡ ಇಲ್ಲ. ಒತ್ತಡ ಇಲ್ಲದಿದ್ದರೆ ದಮ್ಮು ಇಲ್ಲ.

ಗಾಳಿ ಎಲ್ಲಿ ಸೋರುತ್ತೆ?

ಮುಖ್ಯವಾಗಿ ಮೂರು ಕಡೆ ಸೋರುತ್ತೆ.

ಒಂದು, ರಿಂಗ್ ಮತ್ತು ಬೋರ್. ಪಿಸ್ಟನ್ನಿನ ಸುತ್ತ ಕಬ್ಬಿಣದ ಬಳೆ ಹಾಗೆ ರಿಂಗ್ ಇರುತ್ತೆ. ಊರಿನ ಕೈಪಂಪಿನಲ್ಲಿ ವಾಷರ್ ಸವೆದರೆ ಎಷ್ಟು ಒತ್ತಿದರೂ ನೀರು ಬರಲ್ಲ. ಹಾಗೇ ರಿಂಗ್ ಸವೆದರೆ ಗಾಳಿ ಕೆಳಕ್ಕೆ ಸೋರುತ್ತೆ. ಇಂಜಿನ್ ಆಯಿಲ್ ಮೇಲೆ ಬಂದು ಸುಟ್ಟು ನೀಲಿ ಹೊಗೆ ಬರುತ್ತೆ.

ಎರಡು, ವಾಲ್ವ್. ಇವು ಮೇಲಿನ ಬಾಗಿಲುಗಳು. ಒಂದು ಗಾಳಿ ಬರಲು, ಇನ್ನೊಂದು ಹೊಗೆ ಹೋಗಲು. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಗಾಳಿ ಸೋರುತ್ತೆ.

ಮೂರು, ಹೆಡ್ ಗ್ಯಾಸ್ಕೆಟ್. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಸೀಟಿ ಬರಲ್ಲ, ಅಲ್ವಾ? ಇದೂ ಹಾಗೇ.

ರಿಂಗ್ ಮತ್ತು ಬೋರ್ ಕೆಲಸಕ್ಕೆ ಖರ್ಚು ಹೆಚ್ಚು. ಉಳಿದವಕ್ಕೆ ಸಾಮಾನ್ಯವಾಗಿ ಕಡಿಮೆ. ಅದಕ್ಕೇ ಎಲ್ಲಿ ಸೋರುತ್ತಿದೆ ಅಂತ ಮೊದಲು ತಿಳಿಯಬೇಕು.

ಪರೀಕ್ಷೆ ಮಾಡುವುದು ಹೇಗೆ?

ಇದಕ್ಕೆ ಕಂಪ್ರೆಷನ್ ಗೇಜ್ ಎಂಬ ಮೀಟರ್ ಬೇಕು. ಪೇಟೆಯ ಗ್ಯಾರೇಜುಗಳಲ್ಲಿ ಸಿಗುತ್ತೆ. ಅದಕ್ಕೆ ಗಡಿಯಾರದ ಹಾಗೆ ಮುಳ್ಳು ಇದೆ, ಅಂಕಿಗಳಿವೆ. ಟೈರಿಗೆ ಗಾಳಿ ತುಂಬಿಸುವಾಗ "30 ಹಾಕಪ್ಪಾ" ಅಂತೀವಲ್ಲ, ಅದೇ ಅಳತೆ ಇಲ್ಲೂ ಇರುತ್ತೆ. ಅದರ ಹೆಸರು ಪಿ.ಎಸ್.ಐ.

1. ಗಾಡಿ ಸ್ಟಾರ್ಟ್ ಆದರೆ 5 ನಿಮಿಷ ಓಡಿಸಿ ಬಿಸಿ ಮಾಡಬೇಕು. ಆಮೇಲೆ ನಿಲ್ಲಿಸಬೇಕು.

2. ಕೀ ಆಫ್ ಮಾಡಬೇಕು. ಪೆಟ್ರೋಲ್ ನಲ್ಲಿ ಮುಚ್ಚಬೇಕು. ಗಾಡಿ ನ್ಯೂಟ್ರಲ್‌ನಲ್ಲಿ ಇರಬೇಕು.

3. ಪ್ಲಗ್ ಸುತ್ತಲಿನ ಧೂಳು ಒರೆಸಿ, ಪ್ಲಗ್ ಬಿಚ್ಚಬೇಕು. ಆ ತೂತಿಗೆ ಗೇಜ್ ಬಿಗಿಯಬೇಕು.

4. ಎಕ್ಸಲೇಟರ್ ಪೂರ್ತಿ ತಿರುಗಿಸಿ ಹಿಡಿಯಬೇಕು. ಇಲ್ಲದಿದ್ದರೆ ಗಾಳಿ ಒಳಗೆ ಹೋಗಲ್ಲ. ಅಂಕಿ ಸುಳ್ಳು ಹೇಳುತ್ತೆ.

5. ಜೋರಾಗಿ 6 ರಿಂದ 8 ಕಿಕ್ ಹೊಡೆಯಬೇಕು. ಮುಳ್ಳು ಏರಿ ಏರಿ ಒಂದು ಕಡೆ ನಿಲ್ಲುತ್ತೆ.

6. ಆ ಅಂಕಿಯನ್ನು ಓದಿ, ಬರೆದಿಡಬೇಕು.

ಎಷ್ಟು ಬರಬೇಕು? ಗಾಡಿ ಗಾಡಿಗೂ ಬೇರೆ. ಕಂಪನಿಯ ರಿಪೇರಿ ಪುಸ್ತಕದಲ್ಲಿ ಬರೆದಿರುತ್ತೆ. ಸಾಮಾನ್ಯವಾಗಿ 100 ದಾಟಿರಬೇಕು. ತೀರಾ ಕಡಿಮೆ ಬಂದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ.

ಎಣ್ಣೆ ಹಾಕಿ ಇನ್ನೊಂದು ಸಲ

ಈಗ ಪ್ಲಗ್ ತೂತಿನೊಳಗೆ ಅರ್ಧ ಟೀ ಚಮಚ ಇಂಜಿನ್ ಆಯಿಲ್ ಹಾಕಬೇಕು. ಹೆಚ್ಚು ಬೇಡ. ಹೆಚ್ಚು ಹಾಕಿದರೆ ಎಣ್ಣೆಯೇ ಜಾಗ ತುಂಬಿ ಅಂಕಿಯನ್ನು ಏರಿಸುತ್ತೆ. ನಿಧಾನವಾಗಿ ಎರಡು ಸಲ ಕಿಕ್ ಒತ್ತಿ, ಮತ್ತೆ ಗೇಜ್ ಹಾಕಿ ಅಳೆಯಬೇಕು.

ಅಂಕಿ ಚೆನ್ನಾಗಿ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಆ ಸಂದನ್ನು ಎಣ್ಣೆ ಮುಚ್ಚಿತು, ಅದಕ್ಕೇ ಏರಿತು.

ಅಂಕಿ ಹೆಚ್ಚು ಏರದಿದ್ದರೆ ತಪ್ಪು ಮೇಲೆ ಇದೆ. ವಾಲ್ವ್ ಇರಬಹುದು, ಗ್ಯಾಸ್ಕೆಟ್ ಇರಬಹುದು. ಎಣ್ಣೆ ಅಲ್ಲಿಗೆ ಹತ್ತಲ್ಲ. ಗ್ಯಾಸ್ಕೆಟ್ ಹೊರಕ್ಕೆ ಸೋರುತ್ತಿದ್ದರೆ ಸೋಪಿನ ನೀರು ಹಚ್ಚಿ ನೋಡಬಹುದು. ಕಿಕ್ ಹೊಡೆದಾಗ ಗುಳ್ಳೆ ಬರುತ್ತೆ. ಗ್ಯಾಸ್ ಸಿಲಿಂಡರಿಗೆ ನಾವು ನೋಡಲ್ವಾ, ಹಾಗೇ.

ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೇ ಜಾವಾ, ಯೆಜ್ಡಿ ಗಾಡಿಗಳ ಲೆಕ್ಕ ಬೇರೆ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಗಾಡಿಗಳು ಇನ್ನೂ ಅಲ್ಲಲ್ಲಿ ಓಡುತ್ತಿವೆ. ಅವು ಟೂ ಸ್ಟ್ರೋಕ್ ಗಾಡಿಗಳು. ಇಂಥ ವಾಲ್ವ್ ಅವಕ್ಕೆ ಇಲ್ಲ. ಅಲ್ಲಿ ಅಂಕಿ ಕಡಿಮೆಯಾದರೆ ರಿಂಗ್, ಬೋರ್, ಗ್ಯಾಸ್ಕೆಟ್ ನೋಡಬೇಕು.

ಗೇಜ್ ಸಿಗದಿದ್ದರೆ?

ಹಳೇ ಗಾಡಿ ಕೊಳ್ಳುವಾಗ ಕೀ ಆಫ್ ಇಟ್ಟು, ಕಿಕ್ಕನ್ನು ಕೈಯಿಂದ ನಿಧಾನವಾಗಿ ಒತ್ತಿ ನೋಡಿ. ಒಂದು ಕಡೆ ಬಿಗಿಯಾಗಿ ತಡೆಯಬೇಕು. ತಡೆಯೇ ಇಲ್ಲದೆ ಸಲೀಸಾಗಿ ಇಳಿದರೆ ಅನುಮಾನ ಪಡಿ. ಆದರೆ ಕೈಗೆ ಎಷ್ಟು ಅಂತ ಗೊತ್ತಾಗಲ್ಲ. ದುಡ್ಡು ಕೊಡುವ ಮೊದಲು ಅಳತೆ ಮಾಡಿಸುವುದೇ ಒಳ್ಳೆಯದು.

ಎಚ್ಚರ!

ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಹೊರಗೆ ಬರುತ್ತೆ. ಹತ್ತಿರ ಬೀಡಿ, ಬೆಂಕಿ, ದೀಪ ಇರಬಾರದು. ಇಂಜಿನ್ ಮತ್ತು ಸೈಲೆನ್ಸರ್ ಬಿಸಿ ಇರುತ್ತೆ, ಮುಟ್ಟಬೇಡಿ. ಸೆರಗು ಸಿಕ್ಕಿಸಿಕೊಳ್ಳಿ. ಮಕ್ಕಳನ್ನು ದೂರ ಕಳಿಸಿ.

ಅಕ್ಕನ ಗಾಡಿ ಏನಾಯಿತು?

ಗ್ಯಾರೇಜಿನ ಹುಡುಗ ಕೆಟ್ಟವನಲ್ಲ. ಪಕ್ಕದ ಅಂಗಡಿಯಿಂದ ಗೇಜ್ ತಂದ. ಅವನು ಕಿಕ್ ಹೊಡೆದ. ಅಕ್ಕ ಬಗ್ಗಿ ಮುಳ್ಳು ನೋಡಿ ಗಟ್ಟಿಯಾಗಿ ಓದಿದರು, "ಎಪ್ಪತ್ತು!" ಎಣ್ಣೆ ಹಾಕಿ ಮತ್ತೆ ಅಳೆದರು. 75. ಏರಿದ್ದು ಅಷ್ಟೇ.

ಹುಡುಗ ತಲೆ ಕೆರೆದುಕೊಂಡ. "ಬೋರ್ ಅಲ್ಲ ಅಕ್ಕಾ, ವಾಲ್ವ್ ಇರಬೇಕು" ಅಂದ. ಮೊದಲು ಟ್ಯಾಪೆಟ್ ನೋಡಿದ. ಟ್ಯಾಪೆಟ್ ತೀರಾ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚಲ್ಲ. ಅದನ್ನು ಸರಿಮಾಡಿದ. ಸಾಲಲಿಲ್ಲ. ಆಮೇಲೆ ಹೆಡ್ ಮಾತ್ರ ಬಿಚ್ಚಿ ವಾಲ್ವ್ ಗ್ರೈಂಡಿಂಗ್ ಮಾಡಿಸಿದ. ಮುಳ್ಳು 130ಕ್ಕೆ ಬಂತು. 10 ಸಾವಿರದ ಮಾತು 2 ಸಾವಿರದೊಳಗೆ ಮುಗಿಯಿತು. ಮಗಳ ಫೀಸು ಉಳಿಯಿತು.

ಅಕ್ಕನ ನೋಟ್ ಪುಸ್ತಕದಲ್ಲಿ ಆ ಮೂರು ಅಂಕಿಗಳು ಈಗಲೂ ಇವೆ. ಪಕ್ಕದಲ್ಲಿ ತಾರೀಖು ಇದೆ. ಮುಂದಿನ ವರ್ಷ ಮತ್ತೆ ಅಳೆದು ಹೋಲಿಸಿ ನೋಡುತ್ತಾರಂತೆ.

ಇಂಜಿನ್ ಬಿಚ್ಚುವುದು ಕಲಿತವರ ಕೆಲಸ. ಅಂಕಿ ಕೇಳುವುದು, ಓದುವುದು, ಬರೆದಿಡುವುದು ನಮ್ಮ ಕೆಲಸ.

ನೀವೇ ಹೇಳಿ

1. ಗಾಳಿ ಯಾವ ಮೂರು ಕಡೆ ಸೋರಬಹುದು?

2. ಒಂದು ಗಾಡಿಯ ಅಂಕಿ 65 ಇತ್ತು. ಎಣ್ಣೆ ಹಾಕಿದ ಮೇಲೆ 110 ಆಯಿತು. ಏನು ಸವೆದಿದೆ?

3. ಮನೆಯ ಗಾಡಿಗೆ ಯಾವಾಗ ಏನು ರಿಪೇರಿ ಆಯಿತು, ಎಷ್ಟು ಖರ್ಚಾಯಿತು? ನಿಮ್ಮ ಪುಸ್ತಕದಲ್ಲಿ ಬರೆಯಿರಿ.