ಊಟ ಬಿಡುವ ಕಾಯಿಲೆ ನಮ್ಮ ಕಡೆಗೂ ಇದೆಯೇ?

ಪ್ರಶ್ನೆ: ಚೀನಾದ ಕಡೆ ಹುಡುಗಿಯರು ದಪ್ಪಗಾಗುವ ಭಯಕ್ಕೆ ಊಟ ಬಿಟ್ಟು ಕಾಯಿಲೆ ಬೀಳುತ್ತಾರಂತೆ. ನಮ್ಮ ಹಳ್ಳಿಗಳಲ್ಲೂ ಇದು ಇರಬಹುದೇ?
– ಓದುಗರೊಬ್ಬರು, ಹಿರೇಕೊಟ್ನೆಕಲ್, ರಾಯಚೂರು ಜಿಲ್ಲೆ

ಇರಬಹುದು. ಆದರೆ ಅದು ದಪ್ಪಗಾಗುವ ಭಯವಾಗಿಯೇ ಕಾಣಬೇಕೆಂದಿಲ್ಲ. ಹಾಂಗ್‌ಕಾಂಗ್‌ನ ಮನೋವೈದ್ಯ ಸಿಂಗ್ ಲೀ 1990ರ ದಶಕದಲ್ಲಿ ಹೀಗೆ ಸೊರಗಿದವರನ್ನು ಪರೀಕ್ಷಿಸಿದಾಗ, ಹಲವರು ತೂಕದ ಮಾತೇ ಎತ್ತಲಿಲ್ಲ. ಹೊಟ್ಟೆ ಉಬ್ಬರ, ಹಸಿವಿಲ್ಲ ಎಂದರು. ತೆಳ್ಳಗಿನ ಮೈಯೇ ಚೆಂದವೆಂಬ ಪ್ರಚಾರ ಹೆಚ್ಚಾದಂತೆ ದಪ್ಪಗಾಗುವ ಭಯ ಹೇಳುವವರೂ ಅಲ್ಲಿ ಹೆಚ್ಚಿದರು.

ಬೆಂಗಳೂರಿನ ಮನೋವೈದ್ಯರ ನಡುವೆ ನಡೆದು 2012ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಸುಮಾರು ಮೂರರಲ್ಲಿ ಎರಡು ಪಾಲು ವೈದ್ಯರು ಊಟಕ್ಕೆ ಸಂಬಂಧಿಸಿದ ಇಂಥ ಕಾಯಿಲೆಗಳ ಒಬ್ಬ ರೋಗಿಯನ್ನಾದರೂ ಕಂಡಿದ್ದರು. ಹಳ್ಳಿಯಲ್ಲಿ ಇದನ್ನು ಗುರುತಿಸುವುದೇ ಕಷ್ಟ. ರೊಟ್ಟಿ ಮುರಿದು ತಟ್ಟೆಯಲ್ಲೇ ಆಡಿಸಿ ಎದ್ದುಹೋಗುವ ಹುಡುಗಿ 'ಇವತ್ತು ಸೋಮವಾರ, ಒಪ್ಪತ್ತು' ಎಂದರೆ ಯಾರೂ ಮರುಮಾತಾಡುವುದಿಲ್ಲ. 'ಗ್ಯಾಸ್' ಎಂದರೆ ಮಾತ್ರೆ ಬರುತ್ತದೆ. ವರ ನೋಡುವ ಹೊತ್ತಿನಲ್ಲಿ ಮೈಕಟ್ಟಿನ ಬಗ್ಗೆ ಆಡುವ ಮಾತುಗಳಂತೂ ಆಳಕ್ಕೆ ಇಳಿಯುತ್ತವೆ, ದಯವಿಟ್ಟು ಅವನ್ನು ನಿಲ್ಲಿಸಿ.

ತೂಕ ಇಳಿಯುತ್ತಲೇ ಇದ್ದರೆ, ಮುಟ್ಟು ನಿಂತರೆ, ತಲೆ ಸುತ್ತಿ ಬಿದ್ದರೆ ಬೈದು ಉಣಿಸಬೇಡಿ. ಮೊದಲು ವೈದ್ಯರಿಗೆ ತೋರಿಸಿ, ರಾಯಚೂರಿನಲ್ಲಿ ಮನೋವೈದ್ಯರನ್ನೂ ಕಾಣಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತ ಸಲಹೆ ಸಿಗುತ್ತದೆ.