ರೇನ್‌ಕೋಟ್ ಕೊಳ್ಳೋ ಮುಂಚೆ: ಮಳೆ ತಡೆದರೆ ಸಾಲದು, ಬೆವರೂ ಹೊರಗೆ ಹೋಗಬೇಕು

ಮುಂಗಾರು ಹತ್ತಿರ ಬಂತು ಅಂದ್ರೆ ಫೋನಿನ ತುಂಬ ರೇನ್‌ಕೋಟ್ ಜಾಹೀರಾತು. ಎಲ್ಲದರ ಮೇಲೂ 'ವಾಟರ್‌ಪ್ರೂಫ್', ಸ್ವಲ್ಪ ದುಬಾರಿ ಆದರೆ ಪಕ್ಕದಲ್ಲೇ 'ಬ್ರೀದಬಲ್'. ಇಂದೂರದ ಗದ್ದೆಯಲ್ಲಿ ಕಳೆ ತೆಗೆಯುವವರಿಗೆ, ಅಲ್ಲಿಂದ ಬೈಕ್ ಮೇಲೆ ಮುಂಡಗೋಡ ಪೇಟೆಗೆ ಹೋಗುವವರಿಗೆ ಈ ಎರಡನೇ ಶಬ್ದಕ್ಕೆ ಹೆಚ್ಚು ದುಡ್ಡು ಕೊಡುವುದು ಲಾಭವೋ? ಉತ್ತರ ನೀವು ಮಾಡುವ ಕೆಲಸದ ಮೇಲಿದೆ.

ಗೊಬ್ಬರ ಚೀಲದ ಕೊಪ್ಪೆ ಹಾಕಿಕೊಂಡವರಿಗೆ ಗೊತ್ತು, ಮಳೆ ಒಳಗೆ ಬರೋದಿಲ್ಲ, ಮುಂದೆ ತೆರೆದಿರುವುದರಿಂದ ಗಾಳಿಯೂ ಆಡುತ್ತದೆ. ಅದೇ ಪ್ಲಾಸ್ಟಿಕ್ಕಿಗೆ ತೋಳು, ಜಿಪ್ ಹಚ್ಚಿ ಕೋಟು ಮಾಡಿದರೆ ಅರ್ಧ ತಾಸಿನಲ್ಲಿ ಅಂಗಿ ತೊಪ್ಪೆ. ಅದು ಮಳೆ ನೀರಲ್ಲ, ನಮ್ಮದೇ ಬೆವರು. ನಮ್ಮ ಹಿರಿಯರ ಕಂಬಳಿ ಇಲ್ಲಿ ಜಾಣ ಬಟ್ಟೆ. ಉಣ್ಣೆ ತನ್ನ ತೂಕದ ಸುಮಾರು 30% ತೇವ ಹೀರಿದರೂ ಮೈಗೆ ಹಸಿ ಅನಿಸೋದಿಲ್ಲ, ಬೆಚ್ಚಗೇ ಇಡುತ್ತದೆ. ಆದರೆ ಜಡಿಮಳೆಯಲ್ಲಿ ಪೂರ್ತಿ ನೆನೆದ ಮೇಲೆ ಅದನ್ನು ಹೊತ್ತು ಎಡೆ ಹೊಡೆಯೋದು ಆಗದ ಮಾತು.

ಬ್ರೀದಬಲ್ ಬಟ್ಟೆಯ ಗುಟ್ಟು ಇಷ್ಟು: 1969ರಲ್ಲಿ ಅಮೆರಿಕದ ಬಾಬ್ ಗೋರ್ ಎಂಬವರು ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಬಿಸಿ ಮಾಡಿ ಜೋರಾಗಿ ಜಗ್ಗಿದಾಗ ಅದರಲ್ಲಿ ಲೆಕ್ಕವಿಲ್ಲದಷ್ಟು ಸಣ್ಣ ತೂತು ಬಿದ್ದವು. ನೀರಿನ ಹನಿ ನುಸುಳಲಾರದು, ಬೆವರಿನ ಆವಿ ನುಸುಳುತ್ತದೆ. ಅದೇ ಗೋರ್‌ಟೆಕ್ಸ್. ಕಡಿಮೆ ಬೆಲೆಯ ಕೋಟುಗಳಲ್ಲಿ ಇದರ ಬದಲು ಒಳಮೈಗೆ ಪಿಯು ಲೇಪನ ಇರುತ್ತದೆ. ಪಿವಿಸಿ ಅಂತ ಬರೆದಿದ್ದರೆ ಆವಿ ಹೊರಗೆ ಹೋಗೋ ಮಾತೇ ಇಲ್ಲ.

ಲೇಬಲ್ಲಿನಲ್ಲಿ ಎರಡು ಅಂಕಿ ಹುಡುಕಿ. 5000 ಎಂಎಂ, 10000 ಎಂಎಂ ಅಂತ ಇದ್ದರೆ ಅದು ಮಳೆ ಪ್ರಮಾಣವಲ್ಲ. ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಸೋರಲಿಲ್ಲ ಅಂತ ಅರ್ಥ. ನಿಂತು ಕೆಲಸ ಮಾಡೋರಿಗೆ 3000 ಇದ್ದರೂ ನಡೆಯುತ್ತದೆ. ಬೈಕಿನಲ್ಲಿ ಹನಿ ರಭಸವಾಗಿ ಬಡಿಯುತ್ತದೆ, ಸೀಟಿನ ಮೇಲೆ ಪ್ಯಾಂಟು ಒತ್ತಿಕೊಳ್ಳುತ್ತದೆ, ಹಾಗಾಗಿ 8000-10000 ನೋಡಿ. ಅಂಕಿಯೇ ಇಲ್ಲದೆ ಬರೀ 'ವಾಟರ್ ರೆಸಿಸ್ಟಂಟ್' ಅಂತಿದ್ದರೆ ಅದು ತುಂತುರು ಮಳೆಯ ಕೋಟು, ನಮ್ಮ ಜುಲೈ ತಿಂಗಳಿಗೆ ಅಲ್ಲ. ಹೊಲಿಗೆಯ ಒಳಗಡೆ ಟೇಪ್ ಅಂಟಿಸಿದ್ದಾರೋ ಅಂತ ತಿರುವಿ ನೋಡಿ. ಅದಿಲ್ಲದಿದ್ದರೆ ಬಟ್ಟೆ ಎಷ್ಟು ಒಳ್ಳೆಯದಿದ್ದರೂ ಸೂಜಿ ತೂತಿನಿಂದ ನೀರು ಇಳಿಯುತ್ತದೆ.

ಎರಡನೇ ಅಂಕಿ ಗ್ರಾಂ ಲೆಕ್ಕದ್ದು: ಒಂದು ಚದರ ಮೀಟರ್ ಬಟ್ಟೆಯಿಂದ 24 ತಾಸಿನಲ್ಲಿ ಎಷ್ಟು ಆವಿ ಹೊರಗೆ ಹೋಗುತ್ತದೆ ಅಂತ. 10000 ಗ್ರಾಂ ಅಂದರೆ ತಾಸಿಗೆ ಸುಮಾರು 416 ಗ್ರಾಂ. ಗದ್ದೆಯಲ್ಲಿ ಮೈಮುರಿದು ದುಡಿಯೋ ಆಳಿಗೆ ತಾಸಿಗೆ ಒಂದು ಲೀಟರ್‌ವರೆಗೆ ಬೆವರು ಹರಿಯಬಹುದು. ಅಲ್ಲಿಗೇ ಲೆಕ್ಕ ತಪ್ಪಿತು! ಮೇಲಾಗಿ ಆ ಅಂಕಿ ಲ್ಯಾಬಿನದು. ಒಳಗಿನ ಗಾಳಿಗಿಂತ ಹೊರಗಿನ ಗಾಳಿ ಒಣಗಿದ್ದಾಗ, ತಂಪಾಗಿದ್ದಾಗ ಮಾತ್ರ ಆವಿ ಜೋರಾಗಿ ಹೊರಗೆ ಹೋಗುತ್ತದೆ. ಹಿಮಾಲಯದ ಚಳಿಯಲ್ಲಿ ಚೆನ್ನಾಗಿ ನಡೆಯೋ ಬಟ್ಟೆ, ನಮ್ಮ ಮಳೆಗಾಲದ ಬೆಚ್ಚಗಿನ ಒದ್ದೆ ಗಾಳಿಯಲ್ಲಿ ಸೋಲುತ್ತದೆ.

ಅದಕ್ಕೇ ನನ್ನ ಅಭಿಪ್ರಾಯ ಹೀಗಿದೆ: ಕಳೆ, ನಾಟಿ, ಗೊಬ್ಬರ ಹಾಕೋ ಕೆಲಸಕ್ಕೆ ಬ್ರೀದಬಲ್‌ಗೆ ದುಡ್ಡು ಸುರಿಯಬೇಡಿ. ಮುಂದೆ ತೆರೆಯುವ, ಸಡಿಲವಾದ, ಕಂಕುಳಲ್ಲಿ ಜಿಪ್ ಅಥವಾ ಬೆನ್ನಿಗೆ ಗಾಳಿಕಂಡಿ ಇರುವ ಸಾಧಾರಣ ಕೋಟು ಸಾಕು; ಕೊಪ್ಪೆಯೂ ಸಾಕು. ಬೈಕ್ ಓಡಾಟ ಜಾಸ್ತಿ ಇರೋರು, ರಾತ್ರಿ ಬೆಳೆ ಕಾಯಲು ಕೂರೋರು ಬ್ರೀದಬಲ್ ಕೊಂಡರೆ ದುಡ್ಡು ದಂಡವಲ್ಲ. ಕೂತಲ್ಲಿ ಬೆವರು ಕಡಿಮೆ, ಗಾಳಿ ತಂಪು. ಒಳಗೆ ಕಾಟನ್ ಬನಿಯನ್ ಬೇಡ, ಬೇಗ ಒಣಗೋ ಸ್ಪೋರ್ಟ್ಸ್ ಟೀಶರ್ಟ್ ಹಾಕಿ.

ಮನೆಗೆ ತಂದ ಮೇಲೆ ಪರೀಕ್ಷೆ ಸುಲಭ. ಲೋಟದಲ್ಲಿ ಬಿಸಿ ನೀರು ಹಾಕಿ, ಕೋಟಿನ ಬಟ್ಟೆಯನ್ನು ಒಳಮೈ ಕೆಳಗೆ ಬರುವಂತೆ ಬಾಯಿಗೆ ಬಿಗಿಯಾಗಿ ಹಿಡಿದು, ಮೇಲೆ ತಣ್ಣನೆಯ ಸ್ಟೀಲ್ ತಟ್ಟೆ ಇಡಿ. ಸ್ವಲ್ಪ ಹೊತ್ತಿನಲ್ಲಿ ತಟ್ಟೆಗೆ ಮಂಜು ಹಿಡಿದರೆ ಬ್ರೀದಬಲ್ ಅಂದದ್ದು ನಿಜ. ಹಿಡಿಯದಿದ್ದರೆ ವಾಪಸ್ ಕಳಿಸೋ ಅವಧಿ ಮುಗಿಯೋದರೊಳಗೆ ಕಳಿಸಿ.

ಒಂದು ವಿಷಯಕ್ಕೆ ಮಾತ್ರ ಹುಷಾರ್. ಔಷಧಿ ಹೊಡೆಯುವಾಗ ಈ ಕೋಟನ್ನೇ ರಕ್ಷಣೆ ಅಂತ ಹಾಕಬೇಡಿ. ಕೀಟನಾಶಕದಲ್ಲಿ ಎಣ್ಣೆಯಂಥ ದ್ರಾವಕ, ಸೋಪಿನಂಥ ಅಂಟು ಇರುತ್ತವೆ. ನೀರಿನ ಹನಿಯನ್ನು ತಡೆದ ಬಟ್ಟೆ ಇವನ್ನು ಹೀರಿಕೊಳ್ಳಬಹುದು, ಆಮೇಲೆ ಅದೇ ವಿಷ ದಿನವಿಡೀ ಮೈಗೆ ಅಂಟಿಕೊಂಡಿರುತ್ತದೆ. ಸಿಂಪಡಣೆಗೆ ಬೇರೆಯೇ ಏಪ್ರನ್, ಕೈಗವಸು ಇಟ್ಟುಕೊಳ್ಳಿ.

ಒಗೆಯುವಾಗ ಕಂಫರ್ಟ್‌ನಂಥ ಸಾಫ್ಟನರ್ ಹಾಕಬೇಡಿ, ಹೊರಗಿನ ನೀರು ಜಾರಿಸುವ ಗುಣ ಹೋಗುತ್ತದೆ. ಹನಿ ಗುಂಡಗೆ ಉರುಳದೆ ಬಟ್ಟೆಗೆ ಹರಡಿಕೊಳ್ಳತೊಡಗಿದರೆ, ಲೇಬಲ್ ನೋಡಿ, ಒಪ್ಪಿದ್ದರೆ ಒಣಗಿದ ಮೇಲೆ ತೆಳು ಬಟ್ಟೆ ಹಾಸಿ ಕಡಿಮೆ ಬಿಸಿಯ ಇಸ್ತ್ರಿ ಹೊಡೆಯಿರಿ. ಎಷ್ಟೋ ಸಲ ಆ ಗುಣ ಮರಳಿ ಬರುತ್ತದೆ. ಕೆಸರು ಆದ ದಿನವೇ ತೊಳೆದು ನೆರಳಲ್ಲಿ ತೂಗುಹಾಕಿ. ಒಲೆಯ ಮೇಲೆ ಕಟ್ಟಿದ ಹಗ್ಗಕ್ಕೆ ಹಾಕಿದರೆ ಶಾಖಕ್ಕೆ ಪಿಯು ಲೇಪನ ಪದರ ಪದರವಾಗಿ ಏಳುತ್ತದೆ, ಮುಂದಿನ ಮಳೆಗಾಲಕ್ಕೆ ಮತ್ತೆ ಹೊಸ ಕೋಟು.